ಹೆಗಲ ಮೇಲೊಂದು ಸಿಂಹ: ಕಾಸ್‌ಪ್ಲೇ ಕವಚಕ್ಕೆ ಫೋಮ್, ಪೇಪರ್, ಸನ್‌ಬೋರ್ಡ್, ತ್ರೀಡಿ ಪ್ರಿಂಟ್ - ಯಾವುದು?

ಕಾಸ್‌ಪ್ಲೇ ಅಂದರೆ ಗೇಮ್, ಕಾಮಿಕ್ಸ್, ಸಿನಿಮಾದ ಪಾತ್ರದ ವೇಷ ಕಟ್ಟುವುದು. ಅದರ ಕವಚ ಯಾವುದರಿಂದ ಮಾಡಿದರೆ ಚೆಂದ ಕಾಣುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಬಣ್ಣ ಬಿದ್ದ ಮೇಲೆ ನಾಲ್ಕು ಮಾರು ದೂರದಿಂದ ಫೋಮೂ ಕಬ್ಬಿಣವೇ, ರದ್ದಿ ಪೇಪರೂ ಕಬ್ಬಿಣವೇ. ನಮ್ಮ ಕಡೆಯವರು ಮೊದಲು ಕೇಳಬೇಕಾದದ್ದು ಬೇರೆ ಇದೆ. ಇಂಥ ವೇಷದವರೆಲ್ಲ ಸೇರುವ ಬೆಂಗಳೂರಿನ ಕಾಮಿಕ್ ಕಾನ್ ಮೇಳಕ್ಕೆ ಬೆಳಗಾವಿಯಿಂದ ಸುಮಾರು 500 ಕಿಲೋಮೀಟರ್ ದಾರಿ, ರಾತ್ರಿಯಿಡೀ ರೈಲು. ಕವಚ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸಿನ ಸೀಟಿನ ಕೆಳಗೆ ಹಿಡಿಯಬೇಕು. ಪಕ್ಕದವರ ಸೂಟ್‌ಕೇಸ್ ಒತ್ತಿದರೂ ಉಳಿಯಬೇಕು. ಮರುದಿನ ಆರೇಳು ತಾಸು ಮೈಮೇಲೆ ಇರಬೇಕು. ಎಲ್ಲಾದರೂ ಕಿತ್ತು ಬಂದರೆ ಅಲ್ಲೇ ನಿಂತು ಅಂಟಿಸಲು ಬರಬೇಕು. ಇವಕ್ಕೆಲ್ಲ ಒಪ್ಪುವ ಸಾಮಾನು ಯಾವುದೋ ಅದನ್ನು ಆರಿಸಿಕೊಳ್ಳಿ. ಅಂದ ಆಮೇಲೆ ಬರುತ್ತದೆ.

ಬೆಂಗಳೂರಿಗೆ ಹೋಗದಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಶಾಲೆಯ ಗ್ಯಾದರಿಂಗ್ ಇರಲಿ, ಕಾಲೇಜಿನ ಫೆಸ್ಟ್ ಇರಲಿ, ಶಿವಜಯಂತಿಯ ಚಿತ್ರರಥ ಇರಲಿ, ಅಕ್ಟೋಬರಿನ ಕಿತ್ತೂರು ಉತ್ಸವ ಇರಲಿ, ವೇಷ ಕಟ್ಟಿದವರು ತಾಸುಗಟ್ಟಲೆ ನಿಲ್ಲಲೇಬೇಕಲ್ವಾ.

ಹೋಲಿಕೆಗೆ ಒಂದೇ ವಸ್ತು ಇಟ್ಟುಕೊಂಡರೆ ಸುಲಭ. ವಿಜಯಪುರದ ಮಲಿಕ್-ಎ-ಮೈದಾನ ತೋಪಿನ ಬಾಯಿಯನ್ನೇ ತೆಗೆದುಕೊಳ್ಳೋಣ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ತೋಪು ಇದು. ಉದ್ದ 14 ಅಡಿಗೂ ಮಿಕ್ಕಿ, ತೂಕ ಸುಮಾರು 55 ಟನ್. ಮೂತಿಗೆ ಬಾಯಿ ತೆರೆದ ಸಿಂಹದ ರೂಪ ಕೊಟ್ಟಿದ್ದಾರೆ. ಹತ್ತಿರ ಹೋಗಿ ನೋಡಿದರೆ ಕೋರೆಹಲ್ಲಿನ ನಡುವೆ ಸಿಕ್ಕಿಬಿದ್ದ ಪುಟ್ಟ ಆನೆ ಕಾಣುತ್ತದೆ. ವಿಡಿಯೋ ಗೇಮ್ ಮತ್ತು ಅನಿಮೆ ವೀರರ ಹೆಗಲ ಮೇಲೆ ಕೂತಿರುವ ಸಿಂಹಗಳಿಗಿಂತ ಇದು ಯಾವ ಲೆಕ್ಕದಲ್ಲೂ ಕಡಿಮೆಯಿಲ್ಲ. ಒಬ್ಬ ಆದಿಲಶಾಹಿ ಸೇನಾಪತಿಯ ಪಾತ್ರ ನೀವೇ ಕಲ್ಪಿಸಿಕೊಂಡು, ಆ ಸಿಂಹವನ್ನು ಅವನ ಭುಜಕವಚ ಮಾಡುತ್ತೀರಿ ಅಂದುಕೊಳ್ಳಿ. ಇದರಲ್ಲಿ ಎಲ್ಲ ಬಗೆಯ ಕಷ್ಟವೂ ಇದೆ: ಹೊರಗೆ ಗುಂಡಗಿನ ಮೈ, ಒಳಗೆ ಆಳದ ಬಾಯಿ, ಚೂಪು ಹಲ್ಲು, ಬೆರಳಿನಷ್ಟು ಆನೆ. ಯಾವ ಸಾಮಾನು ಎಲ್ಲಿ ಸೋಲುತ್ತದೆ ಅಂತ ಇದರ ಮೇಲೆ ಚೆನ್ನಾಗಿ ಗೊತ್ತಾಗುತ್ತದೆ.

ಮೊದಲು ತೂಕ

ಒಂದು ಭುಜಕ್ಕೆ ಸುಮಾರು ಒಂದೂವರೆ ಚದರ ಅಡಿ ಸಾಮಾನು ಬೇಕು ಅಂತ ಹಿಡಿಯಿರಿ. ಜಿಮ್ ಮ್ಯಾಟಿನಂಥ ಇವಿಎ ಫೋಮ್ 10 ಮಿಲಿಮೀಟರ್ ದಪ್ಪದ್ದಾದರೆ ಸುಮಾರು 140 ಗ್ರಾಂ. ಫ್ಲೆಕ್ಸ್ ಅಂಗಡಿಯವರು ಬಳಸುವ ಪಿವಿಸಿ ಹಲಗೆ, ಅಂದರೆ ಸನ್‌ಬೋರ್ಡ್, 5 ಮಿಲಿಮೀಟರಿನದಾದರೆ 400 ಗ್ರಾಂ ಹತ್ತಿರ. 3 ಮಿಲಿಮೀಟರ್ ದಪ್ಪಕ್ಕೆ ಗಟ್ಟಿಯಾಗಿ ತ್ರೀಡಿ ಪ್ರಿಂಟ್ ಮಾಡಿದರೆ ಅರ್ಧ ಕೆಜಿ. 1 ಮಿಲಿಮೀಟರ್ ಉಕ್ಕಿನ ತಗಡಾದರೆ ಒಂದು ಕೆಜಿ ದಾಟುತ್ತದೆ. ಇದು ಒಂದು ಹೆಗಲಿಗೆ ಮಾತ್ರ. ಎರಡು ಹೆಗಲು, ಎದೆ, ಬೆನ್ನು, ಮೊಣಕಾಲು, ಹೆಲ್ಮೆಟ್ ಸೇರಿಸಿ ಗುಣಿಸಿ ನೋಡಿ.

ಹಗುರ ಇರಬೇಕು ಅನ್ನುವುದು ನಮ್ಮಲ್ಲಿ ಹೊಸ ಮಾತೇನಲ್ಲ. ದೊಡ್ಡಾಟದವರ ಕಿರೀಟ, ಭುಜಕೀರ್ತಿ, ಎದೆಕಟ್ಟು ನೋಡಿ. ಹಗುರ ಮರ ಕೆತ್ತಿ, ಮೇಲೆ ಬೇಗಡೆ ಹಚ್ಚಿ, ಕನ್ನಡಿ ಚೂರು ಕೂರಿಸಿ ಮಾಡಿದ್ದು. ದೂರದಿಂದ ಬಂಗಾರ. ರಾತ್ರಿಯೆಲ್ಲ ಕುಣಿಯುವವರ ಮೈಮೇಲೆ ನಿಜವಾದ ಲೋಹ ಹೊರಿಸಿದರೆ ಎರಡನೇ ಪ್ರವೇಶಕ್ಕೆ ಪಾತ್ರಧಾರಿಯೇ ಇರುವುದಿಲ್ಲ. ನಿಮ್ಮ ಊರಲ್ಲಿ ಆಟದ ಮೇಳ ಇದ್ದರೆ ಒಮ್ಮೆ ಭುಜಕೀರ್ತಿಯನ್ನು ಕೈಯಲ್ಲಿ ಹಿಡಿದು, ತಿರುವಿ ನೋಡಿ. ದಾರ ಎಲ್ಲಿ ಕಟ್ಟಿದ್ದಾರೆ, ಭಾರ ಯಾವ ಮೂಳೆಯ ಮೇಲೆ ಕೂರುತ್ತದೆ ಅಂತ ಗಮನಿಸಿ. ಆನ್‌ಲೈನ್ ವಿಡಿಯೋಗಳು ಹೇಳಿಕೊಡದ ಸಂಗತಿ ಅದು.

ಇವಿಎ ಫೋಮ್

ಜಿಮ್ಮಿನಲ್ಲಿ, ಮಕ್ಕಳ ಕೋಣೆಯಲ್ಲಿ ಹಾಸುವ, ಒಂದಕ್ಕೊಂದು ಹಲ್ಲು ಕಚ್ಚಿಸುವ ಮ್ಯಾಟ್ ಗೊತ್ತಲ್ವಾ, ಬಹುತೇಕ ಅದೇ ಇದು. ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ದಪ್ಪ ಮ್ಯಾಟ್ ಸಿಗುತ್ತದೆ. ತೆಳು ಹಾಳೆ ಬೇಕಾದರೆ ಚಪ್ಪಲಿ ತಯಾರಿಸುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ವಿಚಾರಿಸಿ, ಅಟ್ಟೆಗೆ ಬಳಸುವುದೂ ಇದನ್ನೇ. ಸ್ಟೇಷನರಿ ಅಂಗಡಿಯಲ್ಲಿ ಕ್ರಾಫ್ಟಿಗೆಂದು ಮಾರುವ 2 ಮಿಲಿಮೀಟರ್ ಬಣ್ಣದ ಹಾಳೆ ಅಲಂಕಾರಕ್ಕೆ ಸಾಕು, ಮೈಕಟ್ಟಿಗೆ ಸಾಲದು. ಮೈಗೆ 8 ಅಥವಾ 10, ಪಟ್ಟಿ ಮತ್ತು ಅಂಚಿಗೆ 5, ಸಣ್ಣ ಕೆಲಸಕ್ಕೆ 2 ಮಿಲಿಮೀಟರ್ ಇಟ್ಟುಕೊಂಡರೆ ಇಡೀ ವೇಷ ಆಗುತ್ತದೆ.

ಸಿಂಹದ ಮುಖ ಹಾಳೆಯಿಂದ ಹೇಗೆ ಏಳುತ್ತದೆ ಅನ್ನುವುದೇ ಫೋಮಿನ ಸೊಗಸು. ಮೊದಲು ಹೆಗಲಿಗೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಸೆಲೋಟೇಪ್ ಹಚ್ಚಿ, ಮಾರ್ಕರಿನಿಂದ ಆಕಾರ ಬರೆಯಿರಿ. ಕತ್ತರಿಸಿ ತೆಗೆದು ಚಪ್ಪಟೆ ಮಾಡಿದರೆ ಪ್ಯಾಟರ್ನ್ ಸಿದ್ಧ. ಗುಂಡಗೆ ಬರಬೇಕಾದ ಕಡೆ ತ್ರಿಕೋನದ ಚೂರು ತೆಗೆಯಿರಿ, ದರ್ಜಿ ಡಾರ್ಟ್ ಹಿಡಿಯುತ್ತಾರಲ್ಲ, ಹಾಗೆ. ಆ ಅಂಚುಗಳನ್ನು ಸೇರಿಸಿ ಅಂಟಿಸಿದ ಕೂಡಲೇ ಚಪ್ಪಟೆ ಹಾಳೆ ಉಬ್ಬಿ ಕೆನ್ನೆ ಆಗುತ್ತದೆ.

ಇನ್ನು ಕೇಸರ. ಬ್ಲೇಡಿನ ತುದಿಯಿಂದ ಫೋಮಿನ ಮೇಲೆ ಗೀರಿ, ಆರಪಾರ ಹೋಗಬಾರದು, ಮೇಲೆ ಮೇಲೆ. ಆಮೇಲೆ ಹೀಟ್ ಗನ್ ಹಿಡಿಯಿರಿ. ನೋಡನೋಡುತ್ತಲೇ ಗೀರು ತಾನಾಗಿ ಬಾಯಿ ಬಿಟ್ಟು ಕಾಲುವೆ ಆಗುತ್ತದೆ. ಮೇಲ್ಮೈಯ ಸಣ್ಣ ರಂಧ್ರಗಳು ಮುಚ್ಚಿ ಚೂರು ಹೊಳಪು ಬರುತ್ತದೆ. ಬಿಸಿ ಇರುವಾಗಲೇ ಚಮಚದ ಬೆನ್ನಿನಿಂದ ಒತ್ತಿದರೆ ಕಣ್ಣಿನ ಗುಳಿ ಕೂರುತ್ತದೆ. ಕೂದಲು ಒಣಗಿಸುವ ಡ್ರೈಯರ್ ಈ ಕೆಲಸಕ್ಕೆ ಸಾಲುವುದಿಲ್ಲ. ಹೀಟ್ ಗನ್ ಒಂದು ತಗೊಳ್ಳಲೇಬೇಕು. ಕೋಣೆಯೊಳಗೆ ಬೇಡ, ಪಡಸಾಲೆಯಲ್ಲೋ ಮಾಳಿಗೆ ಮೇಲೋ ಗಾಳಿ ಆಡುವ ಕಡೆ ಕೂತು ಮಾಡಿ. ಉಜ್ಜುವಾಗ ಮಾಸ್ಕ್ ಇರಲಿ.

ಅಂಟಿಗೆ ಚಪ್ಪಲಿಯವರು, ಫರ್ನಿಚರಿನವರು ಬಳಸುವ ರಬ್ಬರ್ ಗಮ್ಮೇ ಸರಿ, ಫೆವಿಕಾಲ್ ಎಸ್‌ಆರ್ 998 ತರಹದ್ದು. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಕಾಯಿರಿ, ಸಾಮಾನ್ಯವಾಗಿ 10-15 ನಿಮಿಷ. ಬೆಳಗಾವಿಯ ಜುಲೈ ಮಳೆಯಲ್ಲಿ ಇನ್ನೂ ಜಾಸ್ತಿ ಹಿಡಿಯುತ್ತದೆ. ಆಮೇಲೆ ಒತ್ತಿ. ಒಮ್ಮೆ ಮುಟ್ಟಿಸಿದರೆ ಮುಗೀತು, ಸರಿಸಲು ಬರುವುದಿಲ್ಲ. ಹಾಟ್ ಗ್ಲೂ ಬೇಗ ಆಗುತ್ತದೆ ನಿಜ, ಆದರೆ ಬಿಸಿಲಿಗೆ ನಿಂತ ಕಾರಿನಲ್ಲಿ ಅದು ಮತ್ತೆ ಮೆತ್ತಗಾಗಿ ಬಿಡುತ್ತದೆ. ವಿಜಯಪುರ, ಬಾಗಲಕೋಟೆಯವರು ಅದನ್ನು ನಂಬಬೇಡಿ.

ಫೋಮ್ ಸೋಲುವುದು ಹಲ್ಲು ಮತ್ತು ಆನೆಯ ಹತ್ತಿರ. ಸಣ್ಣ ಚೂಪು ಕೆಲಸಕ್ಕೆ ಕೈ ಪಳಗಬೇಕು. ಗಾಳಿಗೆ ಒಣಗುವ ಹಗುರ ಕ್ಲೇ ಮಕ್ಕಳ ಕ್ರಾಫ್ಟ್ ಅಂಗಡಿಯಲ್ಲಿ ಸಿಗುತ್ತದೆ, ಆನೆಯನ್ನು ಅದರಿಂದ ತಿದ್ದಿ ಅಂಟಿಸಬಹುದು. ಒಣಗುವಾಗ ತುಸು ಕುಗ್ಗುತ್ತದೆ, ಅಷ್ಟು ದೊಡ್ಡದಾಗಿಯೇ ಮಾಡಿ. ಬಣ್ಣಕ್ಕೆ ಮೊದಲು ಬಿಳಿ ಫೆವಿಕಾಲನ್ನು ನೀರಿಗೆ ಕಲಸಿ ನಾಲ್ಕೈದು ಸಲ ಹಚ್ಚಿದರೆ ಮೇಲ್ಮೈ ನುಣುಪಾಗುತ್ತದೆ. ಮಡಚುವ ಜಾಗದಲ್ಲಿ ದಪ್ಪ ಹಚ್ಚಬೇಡಿ, ಬಿರುಕು ಬಿಡುತ್ತದೆ.

ಸೂಟ್‌ಕೇಸ್ ಒತ್ತಿದರೆ? ತಗ್ಗಾಗುತ್ತದೆ. ಸ್ವಲ್ಪ ಬಿಸಿ ತೋರಿಸಿದರೆ ಬಹುಪಾಲು ಮತ್ತೆ ಏಳುತ್ತದೆ. ಈ ಒಂದು ಗುಣಕ್ಕೇ ನಾನು ದೂರದ ಪ್ರಯಾಣದವರಿಗೆ ಫೋಮ್ ಅಂತಲೇ ಹೇಳುವುದು.

ರದ್ದಿ ಪೇಪರ್ ಮತ್ತು ಮೈದಾ ಅಂಟು

ದುಡ್ಡಿಲ್ಲದವರ ದಾರಿ ಅಂತ ಇದನ್ನು ಕಡೆಗಣಿಸುವವರು ಜಾಸ್ತಿ. ಮುಖ, ಮುಖವಾಡ, ಕೊಂಬು, ಆನೆ ಇಂಥ ಆಕಾರಕ್ಕೆ ಪೇಪರ್ ಮ್ಯಾಶೆ ಫೋಮಿಗಿಂತ ಮೇಲು ಅಂತ ನನಗೆ ಅನಿಸುತ್ತದೆ. ಗಣಪತಿ ಮಾಡುವವರ ಹತ್ತಿರ ಒಂದು ಮುದ್ದೆ ಜೇಡಿಮಣ್ಣು ಕೇಳಿ ತನ್ನಿ. ಸಿಂಹದ ಮುಖ ಮಣ್ಣಿನಲ್ಲಿ ತಿದ್ದಿ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಪೇಪರ್ ಚೂರುಗಳನ್ನು ಮೈದಾ ಅಂಟಿನಲ್ಲಿ ನೆನೆಸಿ ಪದರ ಪದರ ಹಚ್ಚಿ. ಐದಾರು ಪದರ ಸಾಕು. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಹತ್ತುವುದಿಲ್ಲ, ಪುಸ್ತಕ ಬೈಂಡ್ ಮಾಡುವವರ ಹಳೆಯ ಪದ್ಧತಿ ಇದು. ಮೈಲುತುತ್ತ ವಿಷ, ಮಕ್ಕಳ ಕೈಗೆ ಸಿಗಬಾರದು, ಕೈಗೆ ಗ್ಲೌಸ್ ಇರಲಿ.

ಇಲ್ಲಿ ಊರು ನೋಡಿ ಆರಿಸಬೇಕು. ವಿಜಯಪುರದ ಮಾರ್ಚ್-ಏಪ್ರಿಲ್ ಬಿಸಿಲಿಗೆ ಪದರ ಬೇಗ ಬೇಗ ಒಣಗುತ್ತದೆ, ಮಾಳಿಗೆ ಮೇಲೆ ಇಟ್ಟರೆ ಆಯ್ತು. ಬೆಳಗಾವಿಯಲ್ಲಿ ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಹಿಡಿಯುವುದೇ ಬೇಡ. ಹೊರಗೆ ಒಣಗಿದಂತೆ ಕಾಣುತ್ತದೆ, ಒಳಗೆ ಹಸಿ, ಎರಡು ದಿನಕ್ಕೆ ಬೂಷ್ಟು ವಾಸನೆ. ಖಾನಾಪುರದ ಕಡೆಯವರಿಗಂತೂ ಹೇಳುವುದೇ ಬೇಡ. ಮಳೆಗಾಲದಲ್ಲಿ ಫೋಮ್, ಬೇಸಿಗೆಯಲ್ಲಿ ಪೇಪರ್ ಅಂತ ಇಟ್ಟುಕೊಂಡರೆ ವರ್ಷಪೂರ್ತಿ ಕೆಲಸ ನಡೆಯುತ್ತದೆ.

ಇದರ ದೊಡ್ಡ ಕೊರತೆ ಪ್ರಯಾಣ. ಒತ್ತಿದರೆ ಮುರಿಯುತ್ತದೆ, ಒದ್ದೆಯಾದರೆ ಕರಗುತ್ತದೆ. ಊರಲ್ಲೇ ಗ್ಯಾದರಿಂಗಿಗೆ, ಉತ್ಸವಕ್ಕೆ ಆದರೆ ಒಳ್ಳೆಯದು. ರೈಲಿಗೆ ಆದರೆ ಪೇಪರಿನ ಸಣ್ಣ ಭಾಗ ಮಾತ್ರ, ಅದೂ ಡಬ್ಬದಲ್ಲಿ ಹಳೆ ಬಟ್ಟೆ ಸುತ್ತಿ.

ತ್ರೀಡಿ ಪ್ರಿಂಟ್

ಪ್ಲಾಸ್ಟಿಕ್ಕನ್ನು ಕರಗಿಸಿ ಪದರದ ಮೇಲೆ ಪದರ ಹಾಕಿ ವಸ್ತು ಎಬ್ಬಿಸುವ ಯಂತ್ರ ಇದು. ಹಲ್ಲು, ಆನೆ, ಕತ್ತಿಯ ಹಿಡಿಯ ಕುಸುರಿ, ಎಡ-ಬಲ ಒಂದೇ ಸಮ ಬರಬೇಕಾದ ಲಾಂಛನ - ಇವಕ್ಕೆ ಪ್ರಿಂಟರನ್ನು ಮೀರಿಸಿದ್ದು ಇಲ್ಲ. ಕಂಪ್ಯೂಟರಿನಲ್ಲಿ ಸಿಂಹದ ಮಾದರಿ ಒಮ್ಮೆ ಕೂರಿಸಿದರೆ ಕನ್ನಡಿ ಮಾಡಿ ಇನ್ನೊಂದು ಹೆಗಲಿಗೂ ತೆಗೆಯಬಹುದು. ಬಲಗಡೆ ಸಿಂಹ ಸಿಟ್ಟಿನಲ್ಲಿ, ಎಡಗಡೆ ಸಿಂಹ ಆಕಳಿಕೆಯಲ್ಲಿ ಇರುವ ಪ್ರಶ್ನೆಯೇ ಇಲ್ಲ.

ಆದರೆ ಇಡೀ ಕವಚ ಪ್ರಿಂಟ್ ಮಾಡುತ್ತೇನೆ ಅನ್ನುವವರು ಎರಡು ಸಂಗತಿ ಯೋಚಿಸಲಿ. ಒಂದು, ಹೊತ್ತು. ಮನೆಯಲ್ಲಿಡುವ ಸಾಮಾನ್ಯ ಪ್ರಿಂಟರಿನ ತಟ್ಟೆ 22 ಸೆಂಟಿಮೀಟರ್ ಚೌಕದ ಆಸುಪಾಸು ಇರುತ್ತದೆ. ಹೆಗಲಿನಷ್ಟು ದೊಡ್ಡ ಸಿಂಹವನ್ನು ತುಂಡು ಮಾಡಿ ತೆಗೆದು ಅಂಟಿಸಬೇಕು. ದೊಡ್ಡ ತುಂಡಿಗೆ ಒಂದು ಹಗಲು-ರಾತ್ರಿಯೇ ಹಿಡಿಯಬಹುದು, ಮಧ್ಯೆ ಕರೆಂಟ್ ಹೋದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಮತ್ತೆ ಶುರು ಮಾಡುವ ಸೌಲಭ್ಯ ಇರುವ ಪ್ರಿಂಟರ್ ಇದೆ, ಆದರೂ ನಿಂತ ಜಾಗದಲ್ಲಿ ಗೆರೆ ಬೀಳುತ್ತದೆ. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಬಂದ ಮೇಲೆ ಪದರದ ಗೆರೆ ಹೋಗುವವರೆಗೆ ಉಜ್ಜು, ಪುಟ್ಟಿ ಹಚ್ಚು, ಮತ್ತೆ ಉಜ್ಜು. ಈ ಪಾಡು ವಿಡಿಯೋದಲ್ಲಿ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ.

ಇನ್ನೊಂದು, ಬಿಸಿ. ಹೆಚ್ಚಿನವರು ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಸುತ್ತ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ವಿಜಯಪುರದಲ್ಲಿ ಹೊರಗೇ 40 ದಾಟಿರುತ್ತದೆ, ಗಾಜು ಏರಿಸಿದ ಕಾರಿನೊಳಗೆ ಎಷ್ಟಾಗುತ್ತದೆ ನೀವೇ ಯೋಚಿಸಿ. ಮಲಿಕ್-ಎ-ಮೈದಾನ ಎಂಥ ಬಿಸಿಲಲ್ಲೂ ಮುಟ್ಟಿದರೆ ತಣ್ಣಗಿರುತ್ತದೆ ಅಂತ ಊರವರು ಹೇಳುತ್ತಾರೆ. ನಿಮ್ಮ ಪಿಎಲ್‌ಎ ಸಿಂಹ ಮಾತ್ರ ಡಿಕ್ಕಿಯಲ್ಲಿ ದವಡೆ ಇಳಿಬಿಟ್ಟು ಮಲಗಿರುತ್ತದೆ. ಪಿಇಟಿಜಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ 80 ಡಿಗ್ರಿ ಹತ್ತಿರದವರೆಗೆ ತಡೆಯುತ್ತದೆ. ಬಿಸಿಲು ಸೀಮೆಯವರು ಅದನ್ನೇ ತಗೊಳ್ಳಿ.

ಪ್ರಿಂಟರ್ ಕೊಳ್ಳಬೇಕಾ? ಒಂದು ವೇಷಕ್ಕೆ ಬೇಡವೇ ಬೇಡ. ಹಲ್ಲು, ಆನೆ, ಬಕಲ್ ಇಷ್ಟನ್ನು ಪ್ರಿಂಟ್ ಮಾಡಿಕೊಡುವವರ ಹತ್ತಿರ ಮಾಡಿಸಿ. ಎಂಜಿನಿಯರಿಂಗ್ ಓದುತ್ತಿದ್ದರೆ ನಿಮ್ಮ ಕಾಲೇಜಿನ ಲ್ಯಾಬಿನಲ್ಲೇ ಪ್ರಿಂಟರ್ ಇದ್ದೀತು, ಮೇಷ್ಟ್ರನ್ನು ಒಮ್ಮೆ ಕೇಳಿ ನೋಡಿ.

ಉಳಿದವು, ಚುಟುಕಾಗಿ

ಸನ್‌ಬೋರ್ಡ್ ಚಪ್ಪಟೆ ಕೆಲಸಕ್ಕೆ ರಾಜ. ಫ್ಲೆಕ್ಸ್ ಅಂಗಡಿಯಲ್ಲಿ ಬೋರ್ಡ್ ಕತ್ತರಿಸಿ ಉಳಿದ ತುಂಡು ಕಡಿಮೆಗೆ ಸಿಗುತ್ತದೆ. ಬಿಸಿ ಮಾಡಿದರೆ ಹೆಂಚಿನಿಂದ ಆಗಷ್ಟೇ ತೆಗೆದ ಜೋಳದ ರೊಟ್ಟಿಯ ಹಾಗೆ ಬಾಗುತ್ತದೆ, ಆರಿದರೆ ಕಡಕ್. ಒಂದು ದಿಕ್ಕಿಗೆ ಬಾಗಿಸುವುದು ಸುಲಭ, ಸಿಂಹದ ಕೆನ್ನೆಯಂತೆ ಎಲ್ಲ ದಿಕ್ಕಿಗೂ ಉಬ್ಬಿಸುವುದು ಕಷ್ಟ. ಇದು ಪಿವಿಸಿ, ಜಾಸ್ತಿ ಕಾಸಿದರೆ ಬರುವ ಹೊಗೆ ಒಳ್ಳೆಯದಲ್ಲ. ಗುರಾಣಿ, ಕತ್ತಿಯ ಅಲಗು, ಸೊಂಟಪಟ್ಟಿಯ ಬಿಲ್ಲೆ ಇದರಲ್ಲಿ ಮಾಡಿ, ಅಂಚನ್ನು ಉಜ್ಜಿ ಮೊಂಡು ಮಾಡಿ. ಜನಜಂಗುಳಿಯಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೇ ನಿಮ್ಮ ಗುರಾಣಿ ಇರುತ್ತದೆ.

ಥರ್ಮಾಕೋಲ್ ಬಲು ಹಗುರ, ಬಲು ಪೊಳ್ಳು. ಅದಕ್ಕೆ ರಬ್ಬರ್ ಗಮ್ ಅಥವಾ ಸ್ಪ್ರೇ ಪೇಂಟ್ ತಾಗಿಸಿದರೆ ಕರಗಿ ಗುಳಿ ಬೀಳುತ್ತದೆ. ಮೆರವಣಿಗೆಯ ರಥಕ್ಕೆ ಸರಿ, ಮೈಮೇಲೆ ಬೇಡ. ವರ್ಬ್ಲಾ ಅನ್ನುವ ಜರ್ಮನಿಯ ಹಾಳೆಯನ್ನು ವಿದೇಶಿ ಕಾಸ್‌ಪ್ಲೇ ಮಂದಿ ಹೊಗಳುತ್ತಾರೆ. ಬಿಸಿ ಮಾಡಿ ಹೇಗೆ ಬೇಕೋ ಹಾಗೆ ಎಳೆಯಬಹುದು, ಉಳಿದ ಚೂರನ್ನೂ ಮತ್ತೆ ಕಲಸಬಹುದು. ಇಲ್ಲಿಗೆ ತರಿಸುವ ಬೆಲೆ ನೋಡಿದರೆ ಮೊದಲ ವೇಷಕ್ಕೆ ಅದರ ಮಾತೇ ಬೇಡ.

ಬೆಳಗಾವಿಯವರಿಗೆ ಇನ್ನೊಂದು ಆಸೆ ಇರುತ್ತದೆ: ಉದ್ಯಮಬಾಗ್‌ನಲ್ಲಿ ಪರಿಚಯದವರ ವರ್ಕ್‌ಶಾಪ್ ಇದೆ, ತಗಡಿನಲ್ಲೇ ಮಾಡಿಸಿಬಿಡೋಣ ಅಂತ. ಮಾಡಿಕೊಡುತ್ತಾರೆ, ಅಚ್ಚುಕಟ್ಟಾಗಿಯೇ ಮಾಡಿಕೊಡುತ್ತಾರೆ. ಆದರೆ ಲೋಹದ ಚೂಪು ಅಂಚನ್ನು, ನಿಜವಾದ ಆಯುಧವನ್ನು ಕಾನ್‌ಗಳ ಬಾಗಿಲಲ್ಲೇ ತಡೆಯುತ್ತಾರೆ. ಸಾಂಬ್ರಾದಿಂದ ವಿಮಾನದಲ್ಲಿ ಹೋಗುವವರು ಆಟಿಕೆ ಕತ್ತಿಯನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ. ಕತ್ತಿಯ ಒಳಗೆ ವೈರಿಂಗ್ ಮಾಡುವ ಪಿವಿಸಿ ಪೈಪ್, ಎರಡೂ ಕಡೆ ಫೋಮ್ ಇದ್ದರೆ ಗಟ್ಟಿಯೂ ಆಯ್ತು, ಯಾರಿಗೂ ನೋವೂ ಇಲ್ಲ. ಉದ್ದದ ಈಟಿಯಾದರೆ ನಡುವೆ ಜೋಡಿಸುವ ಸಾಕೆಟ್ ಇಟ್ಟು ಎರಡು ತುಂಡು ಮಾಡಿ.

ಬಟ್ಟೆ ಮತ್ತು ಪಟ್ಟಿ

ಕವಚದ ಕೆಳಗಿನ ಬಟ್ಟೆಯಲ್ಲಿ ನಾವು ಬೇರೆಯವರಿಗಿಂತ ಮುಂದೆ ಇದ್ದೇವೆ. ಗುಳೇದಗುಡ್ಡದ ಖಣದ ಅಗಲ ಕಡಿಮೆ, ಇಡೀ ಅಂಗಿಗೆ ಸಾಲದು. ಆದರೆ ಎದೆಕವಚದ ನಡುವಿನ ಪಟ್ಟಿಗೆ, ತೋಳಿನ ಅಂಚಿಗೆ ಅದನ್ನು ಕೂರಿಸಿದರೆ ಅಂಗಡಿಯಿಂದ ತಂದ ಯಾವ ಲೇಸೂ ಹತ್ತಿರ ಸುಳಿಯುವುದಿಲ್ಲ. ಹಳೆಯ ಇಳಕಲ್ ಸೀರೆಯ ಅಂಚು ನಡುಪಟ್ಟಿಗೆ ಚೆಂದ. ಅವ್ವನನ್ನು ಕೇಳಿ ಕತ್ತರಿಸಿ, ಕೇಳದೆ ಕತ್ತರಿಸಬೇಡಿ. ಪಾಲಿಯೆಸ್ಟರ್ ಸ್ಯಾಟಿನ್ ಫೋಟೋದಲ್ಲಿ ಹೊಳೆಯುತ್ತದೆ, ಫೋಮಿನ ಕೆಳಗೆ ಬೇಯಿಸುತ್ತದೆ. ಮೈಗೆ ತಾಗುವುದು ಹತ್ತಿ ಇರಲಿ.

ಕವಚ ನಿಲ್ಲುವುದು ಪಟ್ಟಿಯ ಮೇಲೆ. ಮಂಚಕ್ಕೆ ಹೆಣೆಯುವ ನವಾರ, ಬ್ಯಾಗ್ ರಿಪೇರಿಯವರ ಹತ್ತಿರ ಸಿಗುವ ಪ್ಲಾಸ್ಟಿಕ್ ಕ್ಲಿಪ್, ಅಗಲ ಎಲಾಸ್ಟಿಕ್ ಸಾಕು. ಬರೀ ವೆಲ್ಕ್ರೋ ನಂಬಿದರೆ ಬೆವರಿಗೆ ಅದರ ಅಂಟು ಬಿಡುತ್ತದೆ, ಹೊಲಿದುಬಿಡಿ. ಹಳೆಯ ಕಾಲದ ಸೈನಿಕನ ಪಾತ್ರಕ್ಕೆ ಚರ್ಮದ ಪಟ್ಟಿ ಬೇಕಿದ್ದರೆ ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವವರನ್ನು ಕೇಳಿ. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿವೆ. ಪಾದಕ್ಕೂ ಅದೇ ಚಪ್ಪಲಿ ಹಾಕಿಕೊಂಡರೆ ಬೂಟಿನ ಖರ್ಚು ಉಳಿಯಿತು.

ಹಾಗಾದರೆ ನೀವು ಯಾವುದು ತಗೊಳ್ಳಬೇಕು?

ಬೆಂಗಳೂರಿಗೆ ಹೋಗುವ ಮೊದಲ ಸಲದವರು ಮೈಗೆಲ್ಲ ಫೋಮ್, ಹಲ್ಲು ಮತ್ತು ಆನೆಗೆ ಪ್ರಿಂಟ್ ಅಥವಾ ಕ್ಲೇ, ಗುರಾಣಿ ಇದ್ದರೆ ಸನ್‌ಬೋರ್ಡ್ ಇಟ್ಟುಕೊಳ್ಳಿ. ಇದರ ಮೇಲೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಊರಲ್ಲೇ ಒಂದು ಸಂಜೆಯ ಕಾರ್ಯಕ್ರಮ, ಕೈಯಲ್ಲಿ ಕಾಸು ಕಡಿಮೆ, ಬೇಸಿಗೆ ಬೇರೆ ಅಂದರೆ ಪೇಪರ್. ಕಂಪ್ಯೂಟರಿನಲ್ಲಿ ಮಾದರಿ ಮಾಡುವುದೇ ನಿಮಗೆ ಖುಷಿ, ಉಜ್ಜಲು ತಾಳ್ಮೆ ಇದೆ, ವರ್ಷಕ್ಕೆ ಮೂರ್ನಾಲ್ಕು ವೇಷ ಕಟ್ಟುತ್ತೀರಿ ಅಂದರೆ ಪ್ರಿಂಟರ್ ತಗೊಳ್ಳುವುದರಲ್ಲಿ ಅರ್ಥ ಇದೆ. ಕಿತ್ತೂರು ಚನ್ನಮ್ಮ, ಸಂಗೊಳ್ಳಿ ರಾಯಣ್ಣನ ವೇಷಕ್ಕೆ ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿಯಿಂದ ಬಟ್ಟೆ ತಂದು, ಕತ್ತಿ ಗುರಾಣಿ ಮಾತ್ರ ಸ್ವಂತ ಮಾಡಿಕೊಂಡರೂ ತಪ್ಪೇನಿಲ್ಲ. ಆದರೆ ಸ್ಪರ್ಧೆಗೆ ಇಳಿಯುವುದಾದರೆ ಎಷ್ಟು ಭಾಗ ನಿಮ್ಮ ಕೈಕೆಲಸ ಅಂತ ಕೇಳುತ್ತಾರೆ. ಮಾಡುವಾಗಿನ ಫೋಟೋ ತೆಗೆದಿಡಿ, ನಿಯಮ ಮೊದಲೇ ಓದಿ.

ಹೊರಡುವ ಹಿಂದಿನ ವಾರ ಪೂರ್ತಿ ವೇಷ ಹಾಕಿಕೊಂಡು ಮನೆಯ ಮೆಟ್ಟಿಲು ಹತ್ತಿ ಇಳಿಯಿರಿ. ಕುರ್ಚಿಯಲ್ಲಿ ಕೂರಿ, ನೀರು ಕುಡಿಯಿರಿ, ಯಾರ ಸಹಾಯವೂ ಇಲ್ಲದೆ ಬಾತ್‌ರೂಮಿಗೆ ಹೋಗಿ ಬರಲು ಆಗುತ್ತದಾ ನೋಡಿ. ಸಿಂಹದ ಕೇಸರ ಗದ್ದಕ್ಕೆ ತಾಗಿದರೆ ಅಲ್ಲಿ ಈಗಲೇ ಅರ್ಧ ಇಂಚು ಕತ್ತರಿಸಿ. ಸೀಟಿನ ಕೆಳಗೆ ಇಡುವಾಗ ಎರಡು ಹೆಗಲನ್ನೂ ಒಂದರೊಳಗೊಂದು ಕೂರಿಸಿ, ಬಾಯಿಯ ಪೊಳ್ಳಿನಲ್ಲಿ ಬದಲಿ ಬಟ್ಟೆ ತುಂಬಿ. ಆಗ ಜಾಗವೂ ಉಳಿಯುತ್ತದೆ, ಆಕಾರವೂ ಕೆಡುವುದಿಲ್ಲ. ವಿಜಯಪುರ, ಬಾಗಲಕೋಟೆಯಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತುವವರಿಗೂ ಇದೇ ಮಾತು. ಸೊಂಟದ ಚೀಲದಲ್ಲಿ ಫೆವಿಕ್ವಿಕ್, ಸೂಜಿ-ದಾರ, ಎರಡು ಹೆಚ್ಚಿನ ಕ್ಲಿಪ್, ಸೇಫ್ಟಿ ಪಿನ್, ಕಪ್ಪು ಟೇಪ್, ಚೂರು ಫೋಮ್ ಮತ್ತು ನೀವು ಹಚ್ಚಿದ ಬಣ್ಣವೇ ಇರುವ ಸಣ್ಣ ಡಬ್ಬಿ ಇರಲಿ. ಬಣ್ಣ ಮೊದಲು ಹೋಗುವುದು ಸಿಂಹದ ಮೂಗಿನ ತುದಿಯಲ್ಲೇ, ಫೋಟೋ ತೆಗೆಸಿಕೊಳ್ಳುವವರೆಲ್ಲ ಅಲ್ಲೇ ಮುಟ್ಟುತ್ತಾರೆ.